ತಲೆಯ ಹಿಂದಿನ ಬೆಳಕು

ಚಲಪತಿ ಹೊಟ್ಟೆಪಾಡಿಗೆ ಬರೆದ ಮುಖಗಳೆಲ್ಲ ಸತ್ತವರವೇ.

ಬಂಗಾರಪೇಟೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ನಾಮಕರಣಗಳು ಡ್ರೋನ್ ಹಾರಿಸುವವರ ಪಾಲಾಗಿ ಬಹಳ ಕಾಲವಾಯಿತು. ಅವನಿಗೆ ಉಳಿದದ್ದು ಅರ್ಜಿಗೆ ಅಂಟಿಸುವ ಸಣ್ಣ ಫೋಟೊ ಮತ್ತು ತಿಥಿಗೆ ಬೇಕಾಗುವ ದೊಡ್ಡ ಪಟ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಜನ ಅವರ ವೋಟರ್ ಕಾರ್ಡನ್ನೋ, ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮುಖ ಕಾಣುವ ಫೋಟೊವನ್ನೋ ಹಿಡಿದುಕೊಂಡು ಬರುತ್ತಾರೆ. ಚಲಪತಿ ಅದರ ಮೇಲೆ ಚೌಕಗಳನ್ನು ಎಳೆದು, ದೊಡ್ಡ ಹಾಳೆಯ ಮೇಲೂ ಅಷ್ಟೇ ಚೌಕಗಳನ್ನು ಎಳೆದು, ಒಂದೊಂದನ್ನೇ ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಾ ಕಪ್ಪು ಕ್ರೆಯಾನಿನಲ್ಲಿ ಮುಖ ಕಟ್ಟುತ್ತಾನೆ. ಕಂಪ್ಯೂಟರಿನಲ್ಲಿ ಬೇಕೆಂದವರಿಗೆ ಅದರಲ್ಲೂ ಮಾಡಿಕೊಡುತ್ತಾನೆ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಕೈಯಲ್ಲಿ ಬರೆದದ್ದೇ ಪಟ ಎನ್ನುವವರು ಇನ್ನೂ ಇದ್ದಾರೆ.

ಅವನು ಹುಡುಗನಾಗಿದ್ದಾಗ ಕೆಲಸ ಕಲಿಸಿದ ಸ್ಟುಡಿಯೊ ಯಜಮಾನರು ಕೆಲವು ಕಟ್ಟಳೆಗಳನ್ನೂ ಕಲಿಸಿದ್ದರು. ಪಟದ ಕಣ್ಣು ನೇರ ನೋಡಬೇಕು, ಕೈಮುಗಿಯುವವರು ಮನೆಯ ಯಾವ ಮೂಲೆಯಲ್ಲಿ ನಿಂತರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಬೇಕು. ತುಟಿ ಮುಚ್ಚಿರಬೇಕು. ಗಾಯದ ಗುರುತು, ಮಚ್ಚೆ, ಹಚ್ಚೆ ಇರಕೂಡದು. ಗಂಡಸಾದರೆ ಬದುಕಿನಲ್ಲಿ ಏನೇ ತೊಟ್ಟಿರಲಿ, ಪಟದಲ್ಲಿ ಕೋಟು. ಎಲ್ಲ ಮುಗಿದ ಮೇಲೆ ಹತ್ತಿಯನ್ನು ಬಿಳಿ ಕ್ರೆಯಾನಿನ ಪುಡಿಯಲ್ಲಿ ಅದ್ದಿ ತಲೆಯ ಹಿಂದೆ ದುಂಡಗೆ ಉಜ್ಜಿ ಬೆಳಕು ತರಬೇಕು. ಪ್ರಭೆ ಇಲ್ಲದಿದ್ದರೆ ಅದು ಪಟವಲ್ಲ, ಬರೀ ಫೋಟೊ ಎನ್ನುತ್ತಿದ್ದರು ಯಜಮಾನರು. ಚಲಪತಿ ಇದನ್ನೆಲ್ಲ ಎಷ್ಟು ಚೆನ್ನಾಗಿ ಕಲಿತನೆಂದರೆ, ತಂದೆ ಮುನಿಸ್ವಾಮಪ್ಪ ತೀರಿಕೊಂಡಾಗ ಅವರ ಪಟವನ್ನೂ ಹಾಗೆಯೇ ಬರೆದ.

ಮುನಿಸ್ವಾಮಪ್ಪ ಬಂಗಾರಪೇಟೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದವರು. ಬಲಭುಜ ಕುಸಿದಿತ್ತು, ಅದಕ್ಕೆ ಸರಿದೂಗಿಸುವಂತೆ ಕತ್ತು ಎಡಕ್ಕೆ ವಾಲಿತ್ತು. ಪಟದಲ್ಲಿ ಎರಡೂ ಭುಜ ಸಮನಾಗಿವೆ, ಅವುಗಳ ಮೇಲೆ ಕರೀ ಕೋಟು ಕೂತಿದೆ. ಆ ಪಟ ಇಂದಿಗೂ ನಡುಮನೆಯ ಗೋಡೆಯ ಮೇಲಿದೆ. ತಾಯಿ ನರಸಮ್ಮ ದಿನವೂ ಅದಕ್ಕೊಂದು ಹೂವು ಸಿಕ್ಕಿಸುತ್ತಾಳೆ. ಅದರ ಬಗ್ಗೆ ಅವಳು ಎಂದೂ ಏನೂ ಹೇಳಿರಲಿಲ್ಲ. ಹೇಳಿದ್ದು ಈ ಅವರೆಕಾಯಿ ಕಾಲದಲ್ಲಿ, ಪಕ್ಕದ ಬೀದಿಯ ಮುನಿನಾರಾಯಣಮ್ಮನ ತಿಥಿ ಊಟ ಮುಗಿಸಿ ಬಂದ ಮಧ್ಯಾಹ್ನ.

ಮುನಿನಾರಾಯಣಮ್ಮ ಅವಳ ಬಾಲ್ಯದ ಗೆಳತಿ. ಒಟ್ಟಿಗೆ ಬೇತಮಂಗಲದ ಕಡೆ ಕಳೆ ಕೀಳಲು ಹೋಗುತ್ತಿದ್ದವರು, ಒಂದೇ ವರ್ಷ ಮದುವೆಯಾಗಿ ಒಂದೇ ಊರಿಗೆ ಬಂದವರು. ಪಟ ಬರೆದವನು ಚಲಪತಿಯೇ. ನರಸಮ್ಮ ಬಂದವಳೇ ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು.

"ಯಾರ್ಲಾ ಅದು, ಆ ಪಟದಾಗಿರೋಳು?"

ಅವನು ಮುನಿನಾರಾಯಣಮ್ಮನೇ ಅಂದ.

"ಅವಳ ಮೂಗಿನ ಪಕ್ಕ ದಪ್ಪ ಮಚ್ಚೆ ಇತ್ತು. ಹಲ್ಲು ಮುಂದಕ್ಕಿತ್ತು, ಬಾಯಿ ಮುಚ್ಚಿದ್ದನ್ನ ನಾನಂತೂ ಕಾಣೆ. ಅಲ್ಲಿರೋಳು ಯಾವಳೋ ಗೌಡ್ರ ಮನೆ ಸೊಸೆ ಕಂಡಂಗವ್ಳೆ." ನರಸಮ್ಮ ಗೋಡೆಯ ಕಡೆ ಕೈ ತೋರಿಸಿದಳು. "ಇವ್ರೂ ಅಷ್ಟೇ. ಇಷ್ಟು ವರ್ಸದಿಂದ ಒಂದು ಕೋಟಿಗೆ ಊವಾ ಇಡ್ತಿದ್ದೀನಿ. ನಿಮ್ಮಪ್ಪ ಆ ಕೋಟು ಆಕ್ಕೊಂಡು ಎದುರಿಗೆ ಬಂದ್ರೆ, ಯಾರು ಬೇಕಾಗಿತ್ತು ಸ್ವಾಮಿ ಅಂತ ನಾನೇ ಕೇಳ್ತಿದ್ದೆ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅದೇ ಉಸಿರಿನಲ್ಲಿ ತನಗೆ ಬೇಕಾದದ್ದನ್ನೂ ಹೇಳಿದಳು. ತನ್ನ ಪಟವನ್ನು ತಾನು ಇರುವಾಗಲೇ ಬರೆಯಬೇಕು. ತಾನು ಅದನ್ನು ನೋಡಬೇಕು. ಇದು ನಾನೇ ಎಂದು ತಾನು ಒಪ್ಪಿದ ಮೇಲೆ ಕಟ್ಟು ಹಾಕಿಸಬೇಕು. ಆಧಾರ್ ಕಾರ್ಡಿನ ಫೋಟೊದಿಂದ ಬರೆಯುವುದಾದರೆ ಬೇಡವೇ ಬೇಡ. ಅದರಲ್ಲಿ ತಾನು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೇನೆ.

ಚಲಪತಿಯ ಹೆಂಡತಿ ಕಲಾಗೆ ಇದು ಹಿಡಿಸಲಿಲ್ಲ. ಬದುಕಿರುವ ಹಿರಿಯರದನ್ನು ಒಂಟಿಯಾಗಿ ಬರೆದು ಕಟ್ಟು ಹಾಕಿಸುವುದು ಎಲ್ಲಾದರೂ ಉಂಟೇ ಎಂದಳು. ಅತ್ತೆಗೆ ಕೇಳದ ಹಾಗೆ ಅಡುಗೆ ಮನೆಯಲ್ಲಿ ಇನ್ನೊಂದು ಮಾತನ್ನೂ ಸೇರಿಸಿದಳು. ನಾಳೆ ಅವರಿಗೆ ಒಂದು ಜ್ವರ ಬಂದರೂ ಊರವರು ಚಲಪತಿಯ ಕೈಯನ್ನೇ ದೂರುತ್ತಾರೆ. ಅದು ಸತ್ತವರನ್ನು ಬರೆಯುವ ಕೈ ಎಂದು ಎಲ್ಲರಿಗೂ ಗೊತ್ತು.

ಚಲಪತಿ ಅಂಥದ್ದನ್ನೆಲ್ಲ ನಂಬುವವನಲ್ಲ. ಅವನ ಅಂಜಿಕೆ ಬೇರೆ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ವರ್ಷದ ಹಿಂದೆ ಸುಮಿತಾ ಎಂಬ ಡ್ರಾಯಿಂಗ್ ಟೀಚರ್ ಯಾವುದೋ ಪ್ರಿಂಟ್ ತೆಗೆಸಲು ಸ್ಟುಡಿಯೊಗೆ ಬಂದಿದ್ದರು. ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಕೆಲಸ, ಮನೆ ಉರಿಗಾಂನಲ್ಲಿ. ಗೋಡೆಗೆ ಒರಗಿಸಿದ್ದ ಕ್ರೆಯಾನ್ ಪಟವನ್ನು ಬಹಳ ಹೊತ್ತು ನೋಡಿ, ಇಷ್ಟು ಹದವಾದ ಕೈ ಇಟ್ಟುಕೊಂಡು ನೀವು ಜೀವಂತ ಮನುಷ್ಯರನ್ನು ಯಾಕೆ ಬರೆಯುವುದಿಲ್ಲ ಎಂದು ಕೇಳಿದ್ದರು. ಅವರ ಮನೆಯ ಮುಂದಿನ ಹಾಲಿನಲ್ಲಿ ಭಾನುವಾರ ಭಾನುವಾರ ಕೆಲವರು ಸೇರಿ ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಬರೆಯುತ್ತಿದ್ದರು. ಚಲಪತಿಯೂ ಹೋಗತೊಡಗಿದ.

ಅದು ಗಣಿ ಕಂಪನಿಯ ಕಾಲದ ಹಳೆಯ ಕ್ವಾರ್ಟರ್ಸು, ತಗಡಿನ ಮಾಡು. ಕಿಟಕಿಯಾಚೆ ಸೈನೈಡ್ ದಿಬ್ಬ, ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡ. ಸುಮಿತಾ ಕೊಡುತ್ತಿದ್ದ ಕಾಗದಕ್ಕೂ ಹೆಚ್ಚುಕಡಿಮೆ ಅದೇ ಬಣ್ಣ. ಬೆಂಗಳೂರಿನಿಂದ ತರಿಸಿದ ಟೋನ್ಡ್ ಪೇಪರ್ ಮುಗಿದರೆ ಮಕ್ಕಳ ಪುಸ್ತಕಕ್ಕೆ ಹಾಕುವ ಕಂದು ರಟ್ಟುಕಾಗದ. ಬಿಳಿಯೂ ಅಲ್ಲದ, ಕಪ್ಪೂ ಅಲ್ಲದ ಆ ಕಾಗದದ ಮೇಲೆ ಬರೆಯುವ ರೀತಿಯೇ ಬೇರೆ. ನೆರಳಿದ್ದ ಕಡೆ ಕಪ್ಪು ಕಡ್ಡಿ, ಬೆಳಕು ಬಿದ್ದ ಕಡೆ ಮಾತ್ರ ಬಿಳಿ ಕಡ್ಡಿ. ನಡುವಿನದನ್ನೆಲ್ಲ ಮುಟ್ಟದೆ ಬಿಡಬೇಕು. ಅಲ್ಲಿ ಕಾಗದವೇ ಚರ್ಮ.

ಕೂರಲು ಬರುತ್ತಿದ್ದವರು ಊರಿನವರೇ, ತೊಟ್ಟ ಬಟ್ಟೆಯಲ್ಲೇ ಕೂರುವವರು. ಒಂದು ವಾರ ರಿಟೈರ್ಡ್ ಬಸ್ ಕಂಡಕ್ಟರ್, ಇನ್ನೊಂದು ವಾರ ಕಡಲೆಕಾಯಿ ಗಾಡಿಯವನು. ಚಲಪತಿ ಎಲ್ಲರನ್ನೂ ಬರೆದ. ಅವನ ಗೆರೆಯನ್ನು ಎಲ್ಲರೂ ಮೆಚ್ಚಿದರು. ಆದರೆ ಪ್ರತಿಸಲವೂ ಕಣ್ಣುಗಳು ನೇರವಾದವು, ತುಟಿ ಮುಚ್ಚಿಕೊಂಡಿತು, ಕೈ ತಾನಾಗಿ ಬಿಳಿ ಕಡ್ಡಿ ಹಿಡಿದು ತಲೆಯ ಹಿಂದೆ ಹೋಯಿತು.

"ಚಲಪತಿ ಅಣ್ಣ, ಕಳ್ಳೆಕಾಯಿ ಮಾರೋನ್ನ ತಹಸೀಲ್ದಾರ್ ಮಾಡಿಬಿಟ್ರಲ್ಲ" ಎಂದಿದ್ದಳು ಸೆಲ್ವಿ. ಅವಳು ರಾಬರ್ಟ್‌ಸನ್‌ಪೇಟೆಯಲ್ಲಿ ಟೈಲರ್. ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದು ರೂಢಿಯಾಗಿ ಅವಳ ಚಿತ್ರಗಳೂ ಎರಡೇ ಗೆರೆಯಲ್ಲಿ ಮುಗಿಯುತ್ತಿದ್ದವು.

ಸುಮಿತಾ ನಗುತ್ತಿರಲಿಲ್ಲ. "ಬೆಳಕು ಮನುಷ್ಯನ ಮೇಲೆ ಬೀಳುತ್ತೆ ಸಾರ್. ಅವನ ಹಿಂದಿಂದ ಹುಟ್ಟಲ್ಲ" ಎಂದು ಪ್ರತಿಸಲವೂ ಅದೇ ಮಾತನ್ನು ಅದೇ ತಾಳ್ಮೆಯಿಂದ ಹೇಳುತ್ತಿದ್ದರು. ಚಲಪತಿ ಹೌದು ಮೇಡಂ ಅನ್ನುತ್ತಿದ್ದ. ಮುಂದಿನ ವಾರ ಮತ್ತೆ ಪ್ರಭೆ ಬರುತ್ತಿತ್ತು.

ಅವನ ಅಂಜಿಕೆ ಇದೇ. ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಬರೆದೂ ಅವಳನ್ನು ಯಾವುದೋ ಮನೆಯ ಸೊಸೆ ಮಾಡಿಬಿಟ್ಟರೆ, ಇನ್ನು ಅವಳ ಮುಖ ತನ್ನ ಕೈಗೆ ಎಂದೂ ಸಿಗುವುದಿಲ್ಲ. ಆಮೇಲೊಂದು ದಿನ, ಅವಳು ಇಲ್ಲದ ದಿನ, ತಾನು ಅದೇ ಆಧಾರ್ ಕಾರ್ಡನ್ನು ಮುಂದಿಟ್ಟುಕೊಂಡು ಚೌಕ ಎಳೆಯುತ್ತಾ ಕೂತಿರುತ್ತೇನೆ. ತಂದೆಯ ವಿಷಯದಲ್ಲಿ ಆದದ್ದು ಅದೇ. ತಂದೆಯ ಮುಖ ಎಂದು ನೆನೆಸಿಕೊಂಡರೆ ಅವನಿಗೀಗ ಮೊದಲು ಕಾಣುವುದು ತಾನು ಬರೆದ ಪಟ, ಆಮೇಲೆ ತಂದೆ. ಕೆಲವು ಸಲ ತಂದೆ ಕಾಣುವುದೇ ಇಲ್ಲ.

ಸುಮಿತಾ ಮನೆಗೆ ಕರೆದೊಯ್ದು ಎದುರಿಗೆ ಕೂರಿಸಿ ಬರೆಯುತ್ತೇನೆ ಎಂದು ಹೇಳಿ ಅವನು ಎರಡು ವಾರ ತಳ್ಳಿದ. ಮೂರನೆಯ ಭಾನುವಾರ ನರಸಮ್ಮ ತಾನೇ ಒಗೆದ ಸೀರೆ ಉಟ್ಟು, ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಚೀಲದ ತುಂಬ ಅವರೆಕಾಯಿ. ರಾತ್ರಿ ಅಡುಗೆಗೆ ಹಿತಕಿದ ಬೇಳೆ ಸಾರು ಮಾಡಬೇಕು, ಅಲ್ಲಿ ಬಿಡುವಾದರೆ ಬಿಡಿಸುತ್ತೇನೆ ಅಂದಳು. ಕಲಾ ಅತ್ತೆಯ ಹಣೆಯ ಕುಂಕುಮವಿಲ್ಲದ ಜಾಗವನ್ನು ಒಮ್ಮೆ ನೋಡಿ, ಅವಳ ತಲೆಗೆ ಬಿಸಿಲಿಗೆಂದು ಟವೆಲ್ ಕೊಟ್ಟು ಕಳಿಸಿದಳು. ತಾಯಿ ಮಗ ಇಬ್ಬರೂ ಕೆಜಿಎಫ್ ಬಸ್ಸು ಹತ್ತಿದರು, ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಆಟೊ ಹಿಡಿದರು.

ಹಾಲಿನಲ್ಲಿ ಅವಳನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಸುಮಿತಾ ಒಂದು ಲೋಟ ನೀರು ಕೊಟ್ಟು, ಸುಸ್ತಾದರೆ ಹೇಳಬೇಕು ಎಂದರು. ನರಸಮ್ಮ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೇರ ಕೂತಳು. ಜೀವಮಾನದಲ್ಲಿ ನಾಲ್ಕು ಜನರ ಎದುರು ಏನೂ ಕೆಲಸ ಮಾಡದೆ ಹಾಗೆ ಕೂತವಳಲ್ಲ. ಸ್ವಲ್ಪ ಹೊತ್ತಿಗೆ ಕೈ ಮೂಗಿನ ಹತ್ತಿರ ಹೋಯಿತು, ಸೆರಗು ಸರಿಮಾಡಿತು, ಕುರ್ಚಿಯ ಅಂಚಿನ ಧೂಳು ಒರೆಸಿತು.

"ಪಾಟಿ, ಅಸೆಯಾದೀಂಗ" ಎಂದಳು ಸೆಲ್ವಿ, ಅಲುಗಾಡಬೇಡಿ ಅಜ್ಜಿ ಎಂದು.

"ಅಲುಗಾಡ್ದೆ ಇರಾಕೆ ನಾನೇನ್ ಕಲ್ಲೇನಮ್ಮಾ? ಇಂಗೇ ಕೂತಿದ್ರೆ ಕಾಗೆ ಬಂದು ತಲೆ ಮ್ಯಾಲೆ ಕೂತ್ಕಂತದೆ."

ಎಲ್ಲರೂ ನಕ್ಕರು, ಚಲಪತಿ ನಗಲಿಲ್ಲ. ಅವನ ಮುಂದೆ ಕಂದು ಹಾಳೆ ಇತ್ತು, ಕೈಯಲ್ಲಿ ಕಪ್ಪು ಕಡ್ಡಿ. ತಲೆಯೆತ್ತಿ ನೋಡಿದರೆ ತಾಯಿ ಅವನನ್ನೇ ನೋಡುತ್ತಿದ್ದಳು. ಅವನು ಕಣ್ಣು ಕೆಳಗೆ ಮಾಡಿದ. ಮತ್ತೆ ನೋಡಿದ. ಅವಳಿನ್ನೂ ನೋಡುತ್ತಿದ್ದಳು.

ಫೋಟೊವನ್ನು ಎಷ್ಟು ಬೇಕಾದರೂ ನೋಡಬಹುದು. ಭೂತಗನ್ನಡಿ ಹಿಡಿದು ನೋಡಬಹುದು, ತಲೆಕೆಳಗು ಮಾಡಿ ನೋಡಬಹುದು. ಫೋಟೊ ತಿರುಗಿ ನೋಡುವುದಿಲ್ಲ. ಹೆತ್ತ ತಾಯಿಯ ಮುಖವನ್ನು ಒಬ್ಬ ಮಗ ಹಾಗೆ ದಿಟ್ಟಿಸಿ ನೋಡುವುದು ಎಲ್ಲಿ ಉಂಟು? ಊಟಕ್ಕೆ ಕೂತಾಗ ಅವಳು ಬಡಿಸುವ ಕೈ ಕಾಣುತ್ತದೆ. ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತೇವೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಮಾತಾಡುತ್ತೇವೆ. ಐವತ್ತು ದಾಟಿದ ಚಲಪತಿ ಕುಳಿತಲ್ಲೇ ಲೆಕ್ಕ ಹಾಕಿದ. ಅವಳ ಮುಖವನ್ನು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನೋಡಿದ ನೆನಪು ಅವನಿಗೆ ಇರಲಿಲ್ಲ.

ಆದ್ದರಿಂದ ಅವನು ಒಂದು ಚಣ ನೋಡಿ, ಬಹಳ ಹೊತ್ತು ಬರೆದ. ಕಣ್ಣು ತಗ್ಗಿಸಿದಾಗಲೆಲ್ಲ ಕೈ ತನಗೆ ಗೊತ್ತಿದ್ದುದನ್ನು ಮಾಡುತ್ತಾ ಹೋಯಿತು. ಅದಕ್ಕೆ ಗೊತ್ತಿದ್ದುದು ನೂರಾರು ಮುದುಕಿಯರು.

ಬರೆದು ಮುಗಿಸಿದಾಗ ಗೆರೆ ಎಲ್ಲೂ ತಪ್ಪಿರಲಿಲ್ಲ. ಹಾಲಿನಲ್ಲಿದ್ದವರು ಎದ್ದು ಬಂದು ನೋಡಿ, ಹೋಲಿಕೆ ಚೆನ್ನಾಗಿದೆ ಎಂದರು. ಹೋಲಿಕೆ ಇತ್ತು. ನರಸಮ್ಮ ಕುರ್ಚಿಯಿಂದ ಎದ್ದು, ಸೊಂಟ ಹಿಡಿದುಕೊಂಡು ನಿಧಾನ ನಡೆದು ಬಂದು ಹಲಗೆಯ ಮುಂದೆ ನಿಂತಳು. ಕಣ್ಣು ನೇರ ಇದ್ದವು. ತುಟಿ ಮುಚ್ಚಿತ್ತು. ಸೆರಗು ಎರಡೂ ಭುಜಗಳ ಮೇಲೆ ಮಡಿಕೆ ಕೆಡದೆ ಕೂತಿತ್ತು. ಕಂದು ಕಾಗದದ ಮೇಲೆ, ತಲೆಯ ಸುತ್ತ, ಹತ್ತಿಯಲ್ಲಿ ಉಜ್ಜಿದ ಬಿಳಿ ಬೆಳಕು ಹುಣ್ಣಿಮೆ ಚಂದ್ರನ ಹಾಗೆ ದುಂಡಗಿತ್ತು.

"ಯಾವಾಗ್ಲಾ ಸತ್ತೆ ನಾನು?" ಎಂದಳು.

ಸೆಲ್ವಿಯ ಬಾಯಿಂದ ನಗು ಹೊರಬಿದ್ದು ಅರ್ಧಕ್ಕೆ ನಿಂತಿತು. ಚಲಪತಿ ತನ್ನ ಬಲಗೈ ನೋಡಿಕೊಂಡ. ಹೆಬ್ಬೆರಳಿಗೆ, ತೋರುಬೆರಳಿಗೆ ಬಿಳಿ ಪುಡಿ ಮೆತ್ತಿತ್ತು. ಹತ್ತಿಯನ್ನು ಜೇಬಿನಿಂದ ಯಾವಾಗ ತೆಗೆದೆ ಎನ್ನುವುದೇ ಅವನಿಗೆ ನೆನಪಿರಲಿಲ್ಲ.

ಸುಮಿತಾ ಚಹಾ ಮಾಡಿಸಿದರು. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ನರಸಮ್ಮ ಚಹಾ ಕುಡಿದು ಲೋಟ ತೊಳೆದಿಟ್ಟು, ಇನ್ನು ಆ ಕುರ್ಚಿ ತನ್ನಿಂದಾಗದು, ಸೊಂಟ ಹಿಡಿದುಕೊಂಡಿದೆ ಎಂದಳು. ಬಾಗಿಲ ಬಳಿ ಬಿಸಿಲು ಬಿದ್ದಿದ್ದ ನೆಲದ ಮೇಲೆ ಹಳೆಯ ಪೇಪರ್ ಹಾಸಿಕೊಂಡು, ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ ಕೂತು, ಚೀಲದ ಅವರೆಕಾಯಿ ಸುರಿದುಕೊಂಡಳು. ಹಾಲಿನ ತುಂಬ ಸೊಗಡು ಹರಡಿತು. ಮಗನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ನೋಡಿ ಆಯಿತು, ತನ್ನ ಅನುಮಾನ ನಿಜವಾಯಿತು, ಇನ್ನು ರಾತ್ರಿಯ ಸಾರಿನ ಕೆಲಸ ನೋಡಬೇಕು, ಅಷ್ಟೇ.

ಸುಮಿತಾ ಚಲಪತಿಯ ಹಲಗೆಗೆ ಹೊಸ ಹಾಳೆ ಸಿಕ್ಕಿಸಿದರು. ಆಮೇಲೆ ಅವನ ಮುಂದಿದ್ದ ಬಿಳಿ ಕಡ್ಡಿಯನ್ನೂ ಹತ್ತಿಯ ಉಂಡೆಯನ್ನೂ ಎತ್ತಿಕೊಂಡು ತಮ್ಮ ಬಳಿ ಇಟ್ಟುಕೊಂಡರು.

"ಇದನ್ನ ಕೊನೇಲಿ ಕೊಡ್ತೀನಿ ಸಾರ್. ಅಲ್ಲಿವರೆಗೆ ಕಪ್ಪು ಮಾತ್ರ. ಅವರು ಅಲುಗಾಡ್ತಾರೆ, ಅಲುಗಾಡ್ಲಿ. ನಿಮ್ಮ ಕಣ್ಣು ಅವರ ಮೇಲಿರ್ಲಿ, ಹಾಳೆ ಮೇಲೆ ಬೇಡ."

ಚಲಪತಿ ನೆಲದ ಮೇಲೆಯೇ ಕೂತ. ಈಗ ಒಂದು ವಿಷಯ ಬದಲಾಗಿತ್ತು. ನರಸಮ್ಮನ ಕಣ್ಣು ಕಾಯಿಯ ಮೇಲಿತ್ತು. ಅವಳು ಅವನನ್ನು ನೋಡುತ್ತಿರಲಿಲ್ಲ, ಅವನು ಬರೆಯುತ್ತಿದ್ದಾನೆ ಎನ್ನುವುದನ್ನೂ ಮರೆತಂತಿದ್ದಳು. ಅವನು ನೋಡಿದ. ಯಾರೂ ತಿರುಗಿ ನೋಡಲಿಲ್ಲ. ಇನ್ನೂ ನೋಡಿದ.

ಮೊದಲು ಕಂಡದ್ದು ಬೈತಲೆ. ಅದು ನಡುನೆತ್ತಿಯಲ್ಲಿರಲಿಲ್ಲ, ಎಡಕ್ಕೆ ಸರಿದು ಅಗಲವಾಗಿ, ಮಳೆ ನಿಂತ ಮೇಲಿನ ಕಾಲುದಾರಿಯ ಹಾಗೆ ಸವೆದಿತ್ತು. ಕಿವಿಯ ಹಾಲೆ ಓಲೆಯ ಭಾರಕ್ಕೆ ಜಗ್ಗಿ ತೂತು ಉದ್ದವಾಗಿತ್ತು. ಕಾಯಿಯ ತುದಿ ಮುರಿಯುವಾಗ ಅವಳ ಕೆಳದುಟಿ ತಾನೂ ಸ್ವಲ್ಪ ಮುಂದೆ ಬರುತ್ತಿತ್ತು. ನಾರು ಎಳೆಯುವಾಗ ಹಿಂದೆ ಹೋಗುತ್ತಿತ್ತು. ಬಾಯಿ ಮುಚ್ಚಿದ ಮುನಿನಾರಾಯಣಮ್ಮನನ್ನು ನಾನಂತೂ ಕಾಣೆ ಎಂದಳಲ್ಲ. ಇವಳ ಬಾಯಿಯೂ ಒಂದು ಗಳಿಗೆ ಸುಮ್ಮನಿರುವುದಿಲ್ಲ ಎನ್ನುವುದನ್ನು ಅವನು ಈಗ ಕಂಡ. ಬರೆದ ಗೆರೆ ಮುಗಿಯುವುದರೊಳಗೆ ತಲೆ ಬೇರೆ ಕಡೆ ವಾಲುತ್ತಿತ್ತು. ಅವನು ಅಳಿಸಲಿಲ್ಲ, ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದ. ಚೌಕಗಳಿಲ್ಲದ ಹಾಳೆಯ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದ ಕಡ್ಡಿ, ಅವಳ ತಲೆ ಹೋದ ಕಡೆ ಹೋಯಿತು.

ಮುಖದಿಂದ ಭುಜಕ್ಕೆ, ಭುಜದಿಂದ ತೋಳಿಗೆ ಇಳಿದ. ಮುಂಗೈಯಲ್ಲಿ ಹಚ್ಚೆ ಇತ್ತು. ಅದು ಅಲ್ಲಿದೆ ಎಂದು ಅವನಿಗೆ ಗೊತ್ತಿದ್ದುದು, ಮನೆಗೆ ಬಾಗಿಲು ಇದೆ ಎಂದು ಗೊತ್ತಿರುವ ಹಾಗೆ. ಅದು ಯಾವುದರ ಹಚ್ಚೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ. ಸ್ಟುಡಿಯೊದಲ್ಲಿ ಇಂಥ ಹಚ್ಚೆಗಳನ್ನು ಒರೆಸಿಹಾಕುವುದು ಅವನ ಕೆಲಸ. ಈಗ ಬರೆಯಬೇಕಾಗಿ ಬಂದು, ಬರೆಯಬೇಕಾದರೆ ಯಾವ ಚುಕ್ಕೆ ಎಲ್ಲಿದೆ ಎಂದು ತಿಳಿಯಬೇಕಾಗಿ ಬಂದು, ಕೈ ಸ್ವಲ್ಪ ತಿರುಗಿಸುವಂತೆ ಕೇಳಿದ.

ನರಸಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

"ಇಷ್ಟು ವರ್ಸದಾಗೆ ನೋಡೇ ಇಲ್ವೇನ್ಲಾ ನೀನು?"

"ನೋಡಿದ್ದೀನಮ್ಮಾ."

"ಏನಿದು, ಯೋಳು ನೋಡಾನ."

ಅವನು ಮುಂದಕ್ಕೆ ಬಗ್ಗಿ ಚುಕ್ಕೆಗಳನ್ನು ನೋಡಿದ.

"ತೊಟ್ಲು ಕಣ್ಲಾ," ಎಂದಳು. ಮುಂಗೈಯನ್ನು ಬಿಸಿಲಿಗೆ ತಿರುಗಿಸಿ ಹಿಡಿದಳು. "ಮದುವೆಗೆ ಮುಂಚೆ ಕೊರವಂಜಿ ಅಮ್ಮ ಉಯ್ದಿದ್ದು. ಇದು ಅಗ್ಗ, ಇದು ಮಗ. ನಾನು ನೋವಿಗೆ ಕೈ ಕಿತ್ಕೊಂಬಿಟ್ಟೆ, ಅದ್ಕೆ ಈ ಕಡೆ ಅಗ್ಗ ಅರ್ಧಕ್ಕೆ ನಿಂತೈತೆ. ನಿನ್ನ ಮಲಗಿಸುವಾಗ ಇದನ್ನೇ ಬೆರಳಲ್ಲಿ ತಿದ್ದುತಾ ನೀನು ನಿದ್ದೆ ಓಗ್ತಿದ್ದೆ. ಯಾರಾದ್ರೂ ಯೋಳಿದ್ರೆ ನಂಬ್ತೀಯ ಈಗ?"

ಅವನು ಬರೆದ. ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಅರ್ಧಕ್ಕೆ ನಿಂತ ಹಗ್ಗ. ವಯಸ್ಸಾದ ಚರ್ಮದ ಮೇಲೆ ಹಸಿರು ಹರಡಿ ಚುಕ್ಕೆಗಳು ಒಂದರೊಳಗೊಂದು ಕೂಡಿಕೊಂಡಿದ್ದವು. ಅವನ್ನು ಬಿಡಿಬಿಡಿಯಾಗಿ ತಿದ್ದಿ ಚೆಂದ ಮಾಡುವ ಆಸೆ ಕೈಗೆ ಒಮ್ಮೆ ಬಂತು. ಅವನು ಕಣ್ಣನ್ನು ಹಾಳೆಗೆ ಇಳಿಸಲಿಲ್ಲ. ಕೂಡಿಕೊಂಡಂತೆಯೇ ಬರೆದ.

ಅವಳು ಮತ್ತೆ ಕಾಯಿ ಹಿಡಿದಳು. ಕೈಗಳು ಎಷ್ಟು ವೇಗವಾಗಿ ಆಡುತ್ತಿದ್ದವೆಂದರೆ ಅವನ್ನು ಮುಗಿಸಲು ಆಗಲೇ ಇಲ್ಲ. ಹಾಳೆಯಲ್ಲಿ ಬಲಗೈಯ ಬೆರಳುಗಳು ಮೂರು ನಾಲ್ಕು ಕಡೆ ಇದ್ದವು, ಎಡಗೈಯಲ್ಲಿ ಹೆಬ್ಬೆರಳು ಮಾತ್ರ. ಪೇಪರಿನ ಮೇಲಿನ ಕಾಳಿನ ಗುಡ್ಡೆ ಬರೀ ಕೆಲವು ಉರುಟು ಗೆರೆ. ಸೀರೆಯನ್ನು ಅವನು ಮುಟ್ಟಿಯೇ ಇರಲಿಲ್ಲ, ಕಾಗದ ಹಾಗೆಯೇ ಕಂದಾಗಿ ಉಳಿದಿತ್ತು.

ಸುಮಿತಾ ಬಂದು ಬಿಳಿ ಕಡ್ಡಿ ಕೊಟ್ಟರು. ಹತ್ತಿ ಕೊಡಲಿಲ್ಲ.

ಬಾಗಿಲಿಂದ ಬಂದ ಬಿಸಿಲು ಅವಳ ಬೈತಲೆಯ ಮೇಲೆ, ಮೂಗಿನ ತುದಿಯ ಮೇಲೆ, ಮಡಿಸಿದ ಮೊಣಕಾಲ ಮೇಲೆ, ಬಗ್ಗಿದ ಬೆರಳ ಗಂಟುಗಳ ಮೇಲೆ ಬಿದ್ದಿತ್ತು. ಚಲಪತಿ ಅಲ್ಲಲ್ಲಿ ಕಡ್ಡಿ ಊರಿದ. ಮುಗಿಯಿತು ಅನ್ನಿಸಿದ ಮೇಲೂ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು, ತಲೆಯ ಹಿಂದಿನ ಜಾಗದ ಎದುರು. ಅಲ್ಲಿ ಬೆಳಕು ಇರಲಿಲ್ಲ. ಅಲ್ಲಿ ಸುಮಿತಾ ಮನೆಯ ಹಳೆಯ ಮರದ ಬಾಗಿಲಿನ ನೆರಳಿತ್ತು. ಅವನು ಕಡ್ಡಿಯನ್ನು ಕೆಳಗಿಟ್ಟ.

ಈ ಸಲ ನರಸಮ್ಮ ಏಳಲಿಲ್ಲ. ಇಲ್ಲಿ ತಾ ಅಂದಳು. ಅವನು ಹಲಗೆಯನ್ನು ತಂದು ಅವಳ ಎದುರು ಹಿಡಿದ. ಅವಳು ಅವರೆ ಸೊಗಡಿನ ಅಂಟು ಕೈಯನ್ನು ದೂರ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಚಲಪತಿ ಚಿತ್ರವನ್ನು ನೋಡಲಿಲ್ಲ, ಅವಳನ್ನು ನೋಡಿದ. ಅವಳ ಕೆಳದುಟಿ ಸ್ವಲ್ಪ ಮುಂದೆ ಬಂತು.

"ಊಂ," ಎಂದಳು. ಮತ್ತೆ ನೋಡಿದಳು. "ನಾನೇ."

ಸೆಲ್ವಿ ಬಂದು ಬಗ್ಗಿ ನೋಡಿ, ಕಣ್ಣೇ ಕಾಣುತ್ತಿಲ್ಲವಲ್ಲ ಪಾಟಿ, ರೆಪ್ಪೆ ಮಾತ್ರ ಇದೆ ಎಂದಳು.

"ಕೆಲಸದಾಗಿದ್ರೆ ಕಣ್ಣು ಇನ್ನೆಲ್ಲಿರ್ತದಮ್ಮಾ," ಎಂದಳು ನರಸಮ್ಮ. ಆಮೇಲೆ ಮಗನಿಗೆ, "ಆದ್ರೆ ಇದನ್ನ ಗೋಡೆಗೆ ಆಕಂಗಿಲ್ಲ. ಕೈ ಮುಗಿಯೋರಿಗೆ ನಾನು ಸೊಪ್ಪು ಆಕದಂಗೆ ಕಾಯಿ ಬಿಡಿಸ್ತಾ ಕೂತಿದ್ರೆ ಚೆಂದಾಗಿರಲ್ಲ. ಗೋಡೆಗೆ ಆ ಮೊದಲ್ನೇದೇ ಇರ್ಲಿ, ಮಡಗಿರು. ಅಲ್ಲಿ ಕೋಟಿನೋರು ಒಬ್ರೇ ಅವ್ರೆ. ಜೋಡಿಗೆ ಅವಳೇ ಸರಿ."

"ಇದು?"

"ಇದು ಅಡುಗೆ ಮನೇಗೆ. ಕಲಾ ದಿನಾ ನೋಡ್ಲಿ. ಇದಕ್ಕೆ ಯಾವತ್ತೂ ಊವಾ ಇಡಬ್ಯಾಡಿ."

ಎರಡೂ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಅವರು ಮಧ್ಯಾಹ್ನದ ಬಸ್ಸು ಹತ್ತಿದರು. ಜನ ಹೆಚ್ಚಿರಲಿಲ್ಲ. ನರಸಮ್ಮ ಕಿಟಕಿಯ ಪಕ್ಕ ಕೂತಳು. ಬಿಡಿಸಿದ ಕಾಳು ಮಡಿಲಲ್ಲಿ ಕಟ್ಟಿಕೊಂಡಿದ್ದಳು. ಕೆಜಿಎಫ್ ದಾಟುವವರೆಗೆ ಚಲಪತಿಗೆ ಸುರುಳಿಯನ್ನು ಬಿಚ್ಚಿ ಇನ್ನೊಮ್ಮೆ ನೋಡಬೇಕೆನ್ನಿಸುತ್ತಿತ್ತು. ಬಿಚ್ಚಲಿಲ್ಲ, ಪಕ್ಕದಲ್ಲಿ ಅವಳೇ ಇದ್ದಳು.

ರಸ್ತೆ ಬಂಗಾರಪೇಟೆಯ ಕಡೆ ತಿರುಗಿದಾಗ ಅವಳು, ಮುಂದಿನ ವಾರ ನಿಮ್ಮಪ್ಪನನ್ನು ಬರೆ ಎಂದಳು.

ಅವನು ನಿಧಾನವಾಗಿ, ಎದುರಿಗಿಲ್ಲದವರನ್ನು ಅಲ್ಲಿ ಬರೆಯುವುದಿಲ್ಲ, ಕೂರಲು ಯಾರಾದರೂ ಬೇಕು ಎಂದು ವಿವರಿಸಿದ. ಇರುವ ಒಂದೇ ಫೋಟೊ ನಿನಗೂ ಗೊತ್ತು, ಕತ್ತಿನವರೆಗೆ ಮಾತ್ರ ಇದೆ. ಭುಜ ಅದರಲ್ಲಿ ಇಲ್ಲ.

"ಭುಜ ನಂಗೊತ್ತು," ಎಂದಳು ನರಸಮ್ಮ. "ಎಣ್ಣೆ ಉಜ್ಜಿದೋಳು ನಾನು. ನಾನೇ ಕೂತ್ಕಂತೀನಿ."

ಮಡಿಲಿನ ಕಾಳಿನ ಗಂಟನ್ನು ಮಗನ ಕೈಗೆ ಕೊಟ್ಟಳು. ಸೀಟಿನಲ್ಲಿ ಸ್ವಲ್ಪ ಮುಂದೆ ಸರಿದು, ಕಾಲು ಅಗಲಿಸಿ ಊರಿದಳು. ಆಮೇಲೆ ಬಲಭುಜವನ್ನು ಇಳಿಸಿದಳು; ಸಾಲದು ಎಂಬಂತೆ ಇನ್ನಷ್ಟು ಇಳಿಸಿದಳು. ಕತ್ತು ತಾನಾಗಿ ಎಡಕ್ಕೆ ವಾಲಿತು. ಗದ್ದ ಒಂಚೂರು ಮೇಲೆ ಬಂತು, ಬೆನ್ನ ಮೇಲಿನ ಮೂಟೆಯ ಅಂಚಿನಡಿಯಿಂದ ದಾರಿ ನೋಡುವವರ ಹಾಗೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಒಂದು ಕ್ಷಣ ನಿಂತು, ಮೈಗೆ ಹುಷಾರಿಲ್ಲವೇ ಅಮ್ಮ ಎಂದು ಕೇಳಿದ. ಅವಳು ಅಲುಗಾಡಲಿಲ್ಲ.

"ಇನ್ನೂ ಸ್ವಲ್ಪ ಇಳಿದಿತ್ತು," ಎಂದಳು, ಹಾಗೆಯೇ ಇದ್ದುಕೊಂಡು. "ನೋಡ್ಕಂಡ್ಯಾ?"

ಚಲಪತಿ ಕಣ್ಣು ತಗ್ಗಿಸದೆ ನೋಡುತ್ತಿದ್ದ.